ಕರಿಕಿ ಹಚ್ಚಿದಾಕಿ

ಮೊನ್ನೆ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಲ್ಯಾಂಡ್‌ಸ್ಕೇಪಿಂಗ್ ಕೋರ್ಸ್ ಮುಗಿಸಿ ಸ್ವಂತ ಕೆಲಸ ಶುರುಮಾಡುವ ಹುರುಪಿನವರು. ಕೊಟ್ಟ ಚಹಾಕ್ಕೆ ತುಟಿ ಹಚ್ಚುವ ಮೊದಲೇ ಒಬ್ಬಳು ಕೇಳಿದಳು: "ಆಂಟಿ, ಕಸ್ಟಮರ್ ಟ್ರಸ್ಟ್ ಹೆಂಗ ಬಿಲ್ಡ್ ಮಾಡೂದ್ರಿ?" ಇನ್ನೊಬ್ಬಳು ಮೊಬೈಲಿನಲ್ಲಿ ಬರೆದುಕೊಳ್ಳಲು ಹೆಬ್ಬೆರಳು ಎತ್ತಿಕೊಂಡು ಕೂತಿದ್ದಳು. ಬಿಲ್ಡ್ ಮಾಡುವುದಂತೆ! ಅರ್ಧ ಆಯುಷ್ಯ ಪರರ ಅಂಗಳದಲ್ಲಿ ಮೊಣಕಾಲೂರಿ ಕಳೆದವಳು ನಾನು. ಒಬ್ಬರ ನಂಬಿಕೆಯನ್ನೂ ಬಿಲ್ಡ್ ಮಾಡಿದ ನೆನಪಿಲ್ಲ. ಕೊಡಬೇಕೆನಿಸಿದಾಗ ಅವರೇ ಕೊಟ್ಟರು, ಅದನ್ನೂ ಬೈಯುತ್ತಲೇ ಕೊಟ್ಟರು. ಇಷ್ಟು ಹೇಳಿದೆ. ಹೆಬ್ಬೆರಳು ಕೆಳಗಿಳಿಯಿತು. ಬಿಸಿಲಲ್ಲಿ ಬಂದ ಮಕ್ಕಳನ್ನು ಬರಿಗೈಯಲ್ಲಿ ಕಳಿಸಿದೆನಲ್ಲ ಎಂದು ಆಮೇಲೆ ಕೆಟ್ಟದೆನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ಸೀಮೆಯ ತೊಡಕನ್ನು ಹೇಳಿಬಿಡುತ್ತೇನೆ. ದೊಡ್ಡ ಶಹರಗಳಲ್ಲಿ ಗಿರಾಕಿಗೆ ಮಣ್ಣು ಗೊತ್ತಿಲ್ಲ. ನೀವು ಲ್ಯಾಟಿನ್‌ನಲ್ಲಿ ಎರಡು ಹೆಸರು ಹೇಳಿದರೆ ತಲೆದೂಗುತ್ತಾರೆ. ನಮ್ಮಲ್ಲಿ ಹಾಗಲ್ಲ. ನಿಪ್ಪಾಣಿಯಲ್ಲಿ ತಂಬಾಕು, ಚಿಕ್ಕೋಡಿ ರಾಯಬಾಗದ ಕಡೆ ಕಬ್ಬು, ಅಥಣಿ ಕಾಗವಾಡಕ್ಕೆ ಹೋದರೆ ದ್ರಾಕ್ಷಿ. ಬ್ಯಾಂಕ್ ಮ್ಯಾನೇಜರಿಗೂ ಊರಲ್ಲಿ ಹೊಲ, ಕಣ್ಣಿನ ಡಾಕ್ಟರಿಗೂ ಹೊಲ. ಎಲ್ಲರೂ ಬೆಳೆ ತೆಗೆದವರೇ. ಅಂಥವರ ಮುಂದೆ ಒಬ್ಬ ಚಿಕ್ಕ ಹುಡುಗಿ ಕತ್ತರಿ ಹಿಡಿದು ನಿಂತು, "ನಾನು ಗಾರ್ಡನರ್ ರೀ" ಎಂದರೆ ಹೇಗಿರುತ್ತದೆ, ಊಹಿಸಿಕೊಳ್ಳಿ.

"ಇದಕ್ಕ ಏನ್ ಬಿಡತೈತ್ರಿ?" ಇದು ಅವರ ಮೊದಲ ಪ್ರಶ್ನೆ. ಕ್ರೋಟನ್ ತೋರಿಸಿದರೂ ಅದೇ, ಪಾಮ್ ತೋರಿಸಿದರೂ ಅದೇ.

"ಏನೂ ಬಿಡೂದಿಲ್ರಿ. ಚಂದ ಕಾಣತೈತಿ."

"ಚಂದ ಕಾಣಾಕ ಮನ್ಯಾಗ ಮಂದಿ ಇಲ್ಲೇನ್ರಿ?"

ಎರಡನೆಯ ಪ್ರಶ್ನೆ, "ನೀವು ಮಾಳಿ ಪೈಕಿ ಏನು?" ಅಂದರೆ ತೋಟಗಾರಿಕೆಯೇ ಕುಲಕಸುಬಾದ ಜಾತಿಯವಳೇ ಎಂದು. ಅಲ್ಲ ಎಂದರೆ, "ಮತ್ತ ಈ ಕೆಲಸಾ ಯಾಕ?" ಹೌದು ಎಂದಿದ್ದರೆ ಅದಕ್ಕೂ ಒಂದು ಮಾತು ಇರುತ್ತಿತ್ತು ಬಿಡಿ. ಐ ಯೂಸ್ಡ್ ಟು ಗೋ ಹೋಮ್ ಅಂಡ್ ಸ್ಕ್ರೀಮ್ ಇಂಟು ಮೈ ಪಿಲೋ. ನಿಜವಾಗಿ.

ನಮ್ಮಪ್ಪ ನಿಪ್ಪಾಣಿಯ ಒಂದು ತಂಬಾಕಿನ ವಖಾರಿಯಲ್ಲಿ ಗುಮಾಸ್ತ. ತಾನು ಇಂಗ್ಲಿಷ್ ಕಲಿಯಲಿಲ್ಲವೆಂಬ ಕೊರಗಿಗೆ ನನ್ನನ್ನು ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದ. ಅಲ್ಲಿ ಸಿಸ್ಟರ್ ಬೆನೆಡಿಕ್ಟಾ ಎಂಬ ಒಬ್ಬ ಸಿಡುಕಿನ ಮುದುಕಿ ತೋಟ ನೋಡಿಕೊಳ್ಳುತ್ತಿದ್ದರು. ಕ್ಲಾಸಿನಲ್ಲಿ ಮಾತಾಡಿ ಸಿಕ್ಕಿಬಿದ್ದವರಿಗೆಲ್ಲ ಅವರ ಕೈಕೆಳಗೆ ಕಳೆ ಕೀಳುವ ಪನಿಶ್‌ಮೆಂಟ್. ನಾನು ಬಹಳ ಮಾತಾಡುತ್ತಿದ್ದೆ. ಹಾಗಾಗಿ ಶೇಕ್ಸ್‌ಪಿಯರ್ ಕಲಿಯಲೆಂದು ಹೋದ ಮಗಳು ಗುಲಾಬಿ ಕತ್ತರಿಸುವುದನ್ನು ಕಲಿತು ಮರಳಿದಳು. ಅಪ್ಪನಿಗೆ ಇದು ಕೊನೆಯವರೆಗೂ ಅರಗಲಿಲ್ಲ. "ಬಗ್ ಸುಮಿ," ಎಂದು ಮರಾಠಿಯಲ್ಲಿ ಶುರುಮಾಡುತ್ತಿದ್ದ, "ಹೂವಿನ ಗಿಡಾ ಹವ್ಯಾಸ. ಹವ್ಯಾಸಕ್ಕ ಯಾರರ ಮಂದಿ ಮನಿಗೆ ಹೋಗ್ತಾರೇನ?"

ಎಂಬತ್ತರ ದಶಕದ ನಡುವಿನ ಮಾತು. ನನ್ನ ಮೊದಲ ಗಿರಾಕಿ ನಮ್ಮ ಓಣಿಯಲ್ಲೇ ಸಿಕ್ಕರು: ತಂಬಾಕಿನ ವ್ಯಾಪಾರಸ್ಥರ ಮನೆಯ ಕುಸುಮ ವೈನಿ, ಅಂದರೆ ಓಣಿಗೆಲ್ಲ ಅತ್ತಿಗೆ. ಹಿತ್ತಲಲ್ಲಿ ಸಾಲು ಗುಲಾಬಿ, ಎತ್ತರವಾಗಿ, ಕಡ್ಡಿಕಡ್ಡಿಯಾಗಿ, ತುದಿಗೊಂದು ಬಡಕಲು ಹೂ. ಮಳೆಗಾಲ ಮುಗಿದ ಮೇಲೆ ಪ್ರೂನಿಂಗ್ ಆಗಬೇಕೆಂದು ಹೇಳಿದೆ. "ಮಾಡ ಮಾಡ" ಎಂದು ಒಳಗೆ ಹೋದರು. ಪ್ರೂನಿಂಗ್ ಎಂದರೆ ಧೂಳು ಒರೆಸುವುದು ಎಂದುಕೊಂಡಿದ್ದರೋ ಏನೋ. ಹೊರಗೆ ಬಂದು ನೋಡುವಷ್ಟರಲ್ಲಿ ಎಲ್ಲ ಗಿಡಗಳೂ ಮೊಣಕಾಲೆತ್ತರಕ್ಕೆ ಇಳಿದಿದ್ದವು.

"ಅಗಂ ಬಾಯೀ! ಮೊಗ್ಗಿ ಇದ್ದ ಟೊಂಗಿ ಕಡದ ಒಗದ್ಯಲ್ಲ ಗ! ಬಸರಿ ಹೆಣಮಗಳ ಮ್ಯಾಲ ಯಾರರ ಕೈ ಎತ್ತತಾರೇನ?"

ಆ ವಾರವಿಡೀ ಓಣಿಯ ಹೆಂಗಸರು ಶವ ನೋಡಲು ಬಂದಂತೆ ಬಂದು ಹೋದರು. ಮುಂದೆ ಗಿಡಗಳು ಚಿಗುರಿ, ಬೊಗಸೆಯಗಲದ ಹೂ ಬಿಟ್ಟವು. ಈಗಲಾದರೂ ನಾಲ್ಕು ಒಳ್ಳೆಯ ಮಾತು ಸಿಕ್ಕೀತು ಎಂದು ಹೋದೆ. ವೈನಿ ಹೂ ಮುಡಿದು ನಗುತ್ತ ನಿಂತಿದ್ದರು. "ನೋಡ ಸುಮಿ, ನಮ್ಮನಿಯವರು ಬುಡಕ್ಕ ತಂಬಾಕದ ಧೂಳಾ ಹಾಕಿಸಿದ್ರು, ಎಲ್ಲಾ ಅದರ ಗುಣಾ. ಇಲ್ಲಂದ್ರ ನೀ ಮಾಡಿದ್ದಕ್ಕ ಅವು ಬದಕ್ತಿದ್ದಿಲ್ಲ."

ಮರುವರ್ಷ ನಾನು ಬೇಕೆಂತಲೇ ಅರ್ಧ ಸಾಲು ಕತ್ತರಿಸಿ ಅರ್ಧ ಬಿಟ್ಟೆ. ತಂಬಾಕಿನ ಧೂಳನ್ನು ಎರಡಕ್ಕೂ ಸಮನಾಗಿ ನಾನೇ ಹಾಕಿದೆ, ಸೀನುತ್ತ. ಕತ್ತರಿಸಿದ ಅರ್ಧ ತುಂಬಿ ಬಂತು, ಇನ್ನರ್ಧ ಹಾಗೇ ಬಡಕಲು. ವೈನಿ ಬಹಳ ಹೊತ್ತು ನೋಡಿದರು. "ಆ ಕಡೆ ಬಿಸಲ ಛಲೋ ಬೀಳತೈತಿ" ಎಂದರು. ಆದರೆ ಅದರ ಮುಂದಿನ ಸಲ ಪೂರ್ತಿ ಸಾಲು ಕತ್ತರಿಸಲು ಅವರೇ ಕರೆದರು, ಯಾವ ಮಾತೂ ಇಲ್ಲದೆ. ಮಕ್ಕಳೇ, ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಮ್ಮ ಕಡೆ ಯಾರೂ ಕೊಡುವುದಿಲ್ಲ. ಕಾಯಬೇಡಿ.

ಅಥಣಿಯ ಕಥೆ ಇನ್ನೂ ಹಾರಿಬಲ್. ಒಬ್ಬ ದ್ರಾಕ್ಷಿ ಬೆಳೆಗಾರರು ತೋಟದ ಮನೆಯ ಮುಂದೆ ಹೂದೋಟ ಮಾಡಿಸಿದರು. ದಾಸವಾಳ, ಬೋಗನ್‌ವಿಲ್ಲಾ, ಮಲ್ಲಿಗೆ, ಎಲ್ಲ ಚೆನ್ನಾಗಿ ಹತ್ತಿಕೊಂಡಿದ್ದವು. ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಛಾಟಣಿ, ಅಂದರೆ ಬಳ್ಳಿಯನ್ನು ಚಿಗುರೊಡೆಯುವ ಕಣ್ಣು ಎಣಿಸಿ ಕತ್ತರಿಸುವುದು. ಆಳುಗಳ ತಂಡವೇ ಬಂದಿಳಿಯುತ್ತದೆ. ಆ ಸಲ ತಂಡ ಬಂದಾಗ ಇವರಿಗೆ ಹೊಳೆಯಿತು: ಕತ್ತರಿ ಇದೆ, ಕೈ ಇವೆ, ಹೂವಿನ ಗಿಡಗಳು ಮಾತ್ರ ಯಾಕೆ ಉಳಿಯಬೇಕು? ನಾನು ಹೋದಾಗ ನನ್ನ ತೋಟದಲ್ಲಿ ಸಾಲಾಗಿ ಮೋಟುಗಳು ನಿಂತಿದ್ದವು. ಒಂದೊಂದಕ್ಕೂ ಎರಡೆರಡು ಕಣ್ಣು ಬಿಟ್ಟು, ತುದಿಗೆ ದ್ರಾಕ್ಷಿಗೆ ಹಚ್ಚುವ ಔಷಧದ ಪೇಸ್ಟನ್ನು ಶ್ರದ್ಧೆಯಿಂದ ಬಳಿದಿದ್ದರು. ಮಲ್ಲಿಗೆಗೂ!

"ನಿಮ್ಮ ಕೆಲಸಾ ಹಗರ ಮಾಡೇನಿ ನೋಡ್ರಿ" ಎಂದು ಅವರು ಮೀಸೆ ತಿರುವಿದರು. ಗಿಡಗಳು ಮೇಲೇಳಲಿಲ್ಲ. ಆ ಹೆಣಮಗಳು ಕೊಟ್ಟ ಸಸಿಯೇ ಸರಿ ಇರಲಿಲ್ಲವೆಂದು ಕಾಗವಾಡದವರೆಗೂ ಸುದ್ದಿಯಾಯಿತು.

ಇಷ್ಟರಲ್ಲಿ ಅಪ್ಪನ ತಾಳ್ಮೆ ಮುಗಿದಿತ್ತು. ನಾನು ಓದಿದ ಕಾನ್ವೆಂಟಿನವರ ಪರಿಚಯದಿಂದ ಬೆಳಗಾವಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಜಾಗ ಸಿಕ್ಕಿತ್ತು. ದೀಪಾವಳಿ ರಜೆ ಮುಗಿದ ಸೋಮವಾರ ಹಾಜರಾಗಬೇಕು. ಜಾಗ ಸಿಕ್ಕ ಅದೇ ಜೂನ್‌ನಲ್ಲಿ ಏಕಸಂಬಿಯಿಂದ ಒಂದು ಕೆಲಸವೂ ಬಂತು. ಅಪ್ಪನೂ ನಾನೂ ರಾತ್ರಿ ಊಟಕ್ಕೆ ಕೂತಾಗ ಒಪ್ಪಂದವಾಯಿತು. ಏಕಸಂಬಿಯ ಗೌಡರ ಮನೆಯ ಕೆಲಸ ದೀಪಾವಳಿಯ ತನಕ ನಿಂತರೆ ಅಪ್ಪ ಮುಂದೆ ಚಕಾರ ಎತ್ತುವಂತಿಲ್ಲ. ನಡುವೆ ಬಿದ್ದರೆ ನಾನು ಕತ್ತರಿ ಕೆಳಗಿಟ್ಟು ಸೀರೆಗೆ ಪಿನ್ ಹಾಕಿಕೊಂಡು ಬ್ಲ್ಯಾಕ್‌ಬೋರ್ಡಿನ ಮುಂದೆ ನಿಲ್ಲಬೇಕು. "ನಿಂತ್ರ ನಾ ಸುಮ್ಮ, ಬಿದ್ರ ನೀ ಸುಮ್ಮ" ಎಂದ ಅಪ್ಪ. ಸರಿ ಎಂದೆ. ಶಾಲೆ ಕೆಟ್ಟದ್ದೆಂದಲ್ಲ. ಆದರೆ ಮತ್ತೆ ಆ ಗಂಟೆ, ಆ ಗೋಡೆ, ಕಿಟಕಿಯಾಚೆ ಬೇರೆ ಯಾರೋ ಕಳೆ ಕೀಳುವುದನ್ನು ನೋಡುತ್ತ ಗ್ರಾಮರ್ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ.

ಏಕಸಂಬಿಯ ಮಲಗೌಡರು ಕಬ್ಬಿನ ದುಡ್ಡಿನಲ್ಲಿ ಹೊಸ ಬಂಗಲೆ ಕಟ್ಟಿಸಿದ್ದರು. ಯಾವುದೋ ಸಕ್ಕರೆ ಕಾರಖಾನೆಯ ಗೆಸ್ಟ್ ಹೌಸಿನಲ್ಲಿ ಹುಲ್ಲಿನ ಹಾಸು ನೋಡಿ ಬಂದವರು. "ಬಾಯಾರ, ನನಗ ಲಾನ್ ಬೇಕ್ರಿ. ಬರಿಗಾಲಿಲೆ ಅಡ್ಡಾಡೂದು, ಖುರ್ಚಿ ಹಾಕ್ಕೊಂಡ ಚಹಾ ಕುಡಿಯೂದು." ಫೈನ್. ಏನು ಬಿಡುತ್ತದೆ ಎಂದು ಕೇಳದ ಮೊದಲ ಗಂಡಸು! ನನಗೆ ಎಷ್ಟು ಸಂತೋಷವಾಯಿತೆಂದರೆ ಬೇರೆ ಏನೂ ಕೇಳಲಿಲ್ಲ. ಮಳೆ ಹಿಡಿದೊಡನೆ ಕೊಲ್ಹಾಪುರದಿಂದ ಒಳ್ಳೆಯ ಡೂಬ್ ಗ್ರಾಸ್ ತರಿಸಿ, ಮಣ್ಣು ಹದ ಮಾಡಿ, ಗೇಣಿಗೊಂದರಂತೆ ಎಳೆ ನೆಡಿಸಿದೆ. ಎರಡು ವಾರ ಬಿಟ್ಟು ಬರುತ್ತೇನೆಂದು ಹೇಳಿದೆ.

ಬಂದೆ. ಗೇಟು ತೆರೆದವಳಿಗೆ ಕಂಡದ್ದು ಕಪ್ಪು ಮಣ್ಣು. ಬರೀ ಮಣ್ಣು, ಹಸನಾಗಿ, ಹಣಿಗೆಯಲ್ಲಿ ಬಾಚಿದ ಹಾಗೆ. ಕಾಂಪೌಂಡ್ ಗೋಡೆಯ ಮೇಲೆ ಉದ್ದಕ್ಕೂ ನನ್ನ ಡೂಬ್ ಗ್ರಾಸ್ ಬೇರುಸಮೇತ ಒಣಗುತ್ತ ಬಿದ್ದಿತ್ತು. ನಡುವೆ ಒಬ್ಬ ಮುದುಕಿ ಕುರಪಿ ಹಿಡಿದು ಕುಕ್ಕರಗಾಲಿನಲ್ಲಿ ಕೂತು ಕೊನೆಯ ಮೂಲೆಯನ್ನು ಕೆದಕುತ್ತಿದ್ದಳು. ಮಲಗೌಡರ ತಾಯಿ ಗಂಗವ್ವ, ಊರಿಗೆಲ್ಲ ಆಯಿ. ನಾನು ಹುಲ್ಲು ನೆಡುವಾಗ ರಾಯಬಾಗದ ಕಡೆ ಇರುವ ಮಗಳ ಊರು ಅಲಖನೂರಿಗೆ ಹೋಗಿದ್ದಳು.

"ಯಾರವಾ ನೀನು?"

"ಬಗೀಚಾದಾಕಿ ರೀ ಆಯಿ."

"ಛಲೋ ಆತು ಬಂದಿ. ನೋಡ, ನಾ ಊರಿಗೆ ಹೋಗಿ ಬರೂದ್ರಾಗ ಅಂಗಳ ತುಂಬ ಕರಿಕಿ ಎದ್ದಿತ್ತ. ಈ ಮನ್ಯಾಗ ಒಬ್ಬರಿಗರ ಕಣ್ಣ ಅದಾವೇನ? ಇಬ್ಬರ ಆಳ ಹಚ್ಚಿ ಪೂರಾ ತಗಸೇನಿ. ಇನ್ನ ನೀ ಏನ್ ಹಚ್ಚತಿ ಹಚ್ಚ."

ಡೂಬ್ ಎಂದರೂ ಅದೇ, ಗರಿಕೆ ಎಂದರೂ ಅದೇ, ನಮ್ಮ ಕಡೆಯ ಬಾಯಲ್ಲಿ ಕರಿಕಿ ಎಂದರೂ ಅದೇ. ಗಣಪತಿಗೆ ಏರಿಸುವ ಹುಲ್ಲು. ಆದರೆ ಹೊಲಕ್ಕೆ ಬಿತ್ತೆಂದರೆ ಕಬ್ಬನ್ನು ನುಂಗಿಬಿಡುತ್ತದೆ. ಇಲ್ಲಿ ರೈತನ ಜನ್ಮವೆಲ್ಲ ಅದನ್ನು ಕೀಳುವುದರಲ್ಲೇ ಹೋಗುತ್ತದೆ. ಇಷ್ಟು ನನಗೂ ಗೊತ್ತಿತ್ತು. ಆದರೆ ಕೊಲ್ಹಾಪುರದಿಂದ ದುಡ್ಡು ಕೊಟ್ಟು ತಂದದ್ದನ್ನು ಯಾರಾದರೂ ಹಾಗೆ ನೋಡಿಯಾರು ಎಂದು ನನ್ನ ತಲೆಗೆ ಬಂದಿರಲಿಲ್ಲ.

"ಆಯಿ, ಅದನ್ನ ನಾನ ಹಚ್ಚಿದ್ದೆ ರೀ."

ಕುರಪಿ ನಿಂತಿತು. "ಹಚ್ಚಿದ್ದಿ? ಕರಿಕಿನ್ನ? ನಿನ್ನ ಕೈಯಾರೆ?" ಆಕೆ ಮನೆಯತ್ತ ತಿರುಗಿ ಸೊಸೆಯನ್ನು ಕೂಗಿದಳು: "ಏ ಶೋಭಾ, ಲಗೂನ ಹೊರಗ ಬಾ. ಕರಿಕಿ ಹಚ್ಚಿದಾಕಿ ಬಂದಾಳ ನೋಡ!"

ಶೋಭಾ ವೈನಿ ಬಾಗಿಲಿಗೆ ಬಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತರು. ಮಲಗೌಡರು ಕಿಟಕಿಯಿಂದ ಇಣುಕಿದರು. ಊರಿನ ಪಂಚಾಯತಿಯಲ್ಲಿ ಗುಡುಗುವ ಗಂಡಸು, ತಾಯಿಯ ಮುಂದೆ ಮಾತಾಡದೆ ಹಿಂದಿನ ಬಾಗಿಲಿನಿಂದ ಹೋಗಿ ಜೀಪು ಹತ್ತಿದ್ದು ಕೇಳಿಸಿತು. ಐ ವಾಸ್ ಫ್ಯೂರಿಯಸ್. ಮುದುಕಿಯ ಮೇಲಲ್ಲ, ಆ ಜೀಪಿನ ಮೇಲೆ.

ಮುಂದಿನ ವಾರ ಚಿಕ್ಕೋಡಿಯಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರ್ ಗಂಟಲೆತ್ತಿ ಹೇಳಿದ: "ಸರೀರ್ರಿ, ಕರಿಕಿ ಬಾಯಾರಿಗೆ ಜಾಗಾ ಕೊಡ್ರಿ!" ಇಡೀ ಬಸ್ಸು ನಕ್ಕಿತು. ಆ ಹೆಸರು ನನಗಿಂತ ಮೊದಲು ಎಲ್ಲ ಊರು ಮುಟ್ಟಿತ್ತು. ಚಿಕ್ಕೋಡಿಯ ಡಾಕ್ಟರರ ಹೆಂಡತಿ, ಸಸಿಗೆ ಹೇಳಿದ್ದವರು, "ಸದ್ಯಕ್ಕ ಬ್ಯಾಡ್ರಿ" ಎಂದರು. ಸಂಜೆ ಅಪ್ಪ ಕೇಳಿದ, "ಗೌಡರ ಮನಿ ಕೆಲಸಾ ಬಿದ್ದ ಹೋತಿಲ್ಲೋ?" ದೀಪಾವಳಿ ಇನ್ನೂ ದೂರ ಇದೆ ಎಂದೆ.

ಆಯಿಯ ಹತ್ತಿರ ನಾನೇ ಹೋದೆ. ಒಲಿಸಿಕೊಳ್ಳಲು ಹೋದೆನೆಂದರೆ ಸುಳ್ಳಾದೀತು, ಜಗಳವಾಡಲೆಂದೇ ಹೋಗಿದ್ದೆ. ಕಟ್ಟೆಯ ಮೇಲೆ ಕೂತು ಆಕೆ ಶೇಂಗಾ ಸುಲಿಯುತ್ತಿದ್ದಳು.

"ನಿಮಗ ಹುಲ್ಲ ಬ್ಯಾಡೋ, ಹೊಲಕ್ಕ ಹೋಗ್ತೈತಿ ಅಂತ ಬ್ಯಾಡೋ?" ಎಂದು ನಿಂತಲ್ಲಿಂದಲೇ ಕೇಳಿದೆ.

"ಹುಲ್ಲ ಕಂಡ್ರ ನನಗ ಏನ್ ಸಿಟ್ಟ? ಗ್ವಾಡಿ ಆಚಿಗೆ ಕಾಲಿವಿ ಐತಿ. ಒಂದ ಬೇರ ಕಾಲಿವಿಗೆ ಇಳೀತಂದ್ರ ನೀರಿನ ಜೋಡಿ ಪೂರಾ ಕಬ್ಬಿನ ಪಟ್ಟಿಗೆ ಹೋಗತೈತಿ. ಆಗ ನೀ ನಿಪ್ಪಾಣ್ಯಾಗ ಇರ್ತಿ. ಕೀಳಾಂವ್ರು ಯಾರು?"

"ನಾ ಕೀಳ್ತೇನಿ."

"ಏನ್ ಇಂಗ್ರೇಜಿ ಶಾಳ್ಯಾಗ ಕೀಳೂದೂ ಕಲಸ್ಯಾರೇನ?"

"ಅದನ್ನ ಕಲಸ್ಯಾರ ರೀ. ಬ್ಯಾರೆ ಏನೂ ಕಲಸಿಲ್ಲ."

ಆಯಿ ಮೊದಲ ಸಲ ನಕ್ಕಳು, ಮುಖ ಆಚೆ ತಿರುಗಿಸಿ. ಆಮೇಲೆ ನನ್ನ ಉಪಾಯ ಕೇಳಿ ಶರತ್ತು ಹಾಕಿದಳು. ಅಂಗಳದ ಸುತ್ತ ಮೊಣಕಾಲಾಳ ಅಗೆದು ಫರಸಿ ಕಲ್ಲಿನ ಚಪ್ಪಡಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಹೂಳುತ್ತೇನೆ, ಬೇರು ದಾಟುವುದಿಲ್ಲ ಎಂದು ನಾನು ಹೇಳಿದೆ. ಹುಲ್ಲಿನ ನೀರು ಕಾಲುವೆಗೆ ಹೋಗದೆ ತೆಂಗಿನ ಗುಂಡಿಗೆ ಹೋಗುವಂತೆ ಇಳಿಜಾರು ತಿರುಗಿಸುತ್ತೇನೆ ಎಂದೂ. "ಮಾಡ," ಎಂದಳು, "ಖರೆ ಒಂದ ಎಳಿ ಹೊರಗ ಕಂಡ್ರ ಪೂರಾ ಅಂಗಳ ನಿನ್ನ ಕೈಲೇನ ಕೀಳಸ್ತೇನಿ. ಆ ಮ್ಯಾಲ ಈ ಗೇಟ ದಾಟಬ್ಯಾಡ."

ಮತ್ತೆ ಹುಲ್ಲು ತಂದೆ. ಮತ್ತೆ ನೆಟ್ಟೆ. ವಾರವಾರ ಬಂದೆ. ಮತ್ತೆ ವಾರವಾರ ಆಯಿಯ ಇನ್‌ಸ್ಪೆಕ್ಷನ್! ಗೇಟಿನಲ್ಲಿ ಕಾದು ನಿಂತಿರುತ್ತಿದ್ದಳು. ಕೋಲಿನ ತುದಿಯಿಂದ ಫರಸಿಯ ಅಂಚನ್ನು ಮೀಟಿ, "ಇದೇನ? ಇದೇನ?" ನಾನು ಕೈಯಿಂದ ಕತ್ತರಿಸುತ್ತಿದ್ದರೆ ಹಿಂದೆ ಕೂತು ಟೀಕೆ. ದನ ಬಿಟ್ಟರೆ ಒಂದು ತಾಸಿನಲ್ಲಿ ಆಗುವ ಕೆಲಸಕ್ಕೆ ಬಸ್ಸಿನಲ್ಲಿ ಬರುತ್ತಾಳೆ ಈಕೆ ಎಂದು ಹೋಗುವವರನ್ನೆಲ್ಲ ಕರೆದು ಹೇಳುವುದು. ಗೊಬ್ಬರ ಹಾಕಿದರೆ, "ಕರಿಕಿಗೆ ಗೊಬ್ಬರ!" ಎಂದು ಹಣೆ ಬಡಿದುಕೊಳ್ಳುವುದು. ಎಷ್ಟೋ ಸಲ ಕತ್ತರಿ ಅಲ್ಲೇ ಎಸೆದು ಬೆಳಗಾವಿಯ ಬಸ್ಸು ಹತ್ತಬೇಕೆನಿಸಿತು. ಆದರೂ ಹುಲ್ಲು ಹಬ್ಬಿತು. ದಸರೆಯ ಹೊತ್ತಿಗೆ ನೆಲವೇ ಕಾಣದಷ್ಟು ಒತ್ತಾಗಿ, ಮೆತ್ತಗೆ. ಮಲಗೌಡರು ಖುರ್ಚಿ ಹಾಕಿಸಿದರು. ಹೊರ ಊರಿನವರು ಬಂದು ನೋಡಿ ಹೋದರು. ಈಗ ನೆನೆದರೆ, ನಾನು ಅಷ್ಟು ಒಳ್ಳೆಯ ಲಾನ್ ಮತ್ತೆ ಮಾಡಿಲ್ಲ. ಅಷ್ಟು ಬೈಯುವವರೂ ಮತ್ತೆ ಸಿಗಲಿಲ್ಲ.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಹೋದರೆ ಆಯಿ ಗೇಟಿನಲ್ಲಿ ಇರಲಿಲ್ಲ. ಗೋಡೆಯಾಚೆಯಿಂದ ಕೂಗಿದಳು: "ಬಾ ಇಲ್ಲೆ."

ಕಾಲುವೆಯ ಏರಿಯ ಮೇಲೆ, ಎತ್ತಿನ ಗಾಡಿಯ ಉದ್ದಕ್ಕೆ, ಕರಿಕಿ ಹಸಿರಾಗಿ ಹಬ್ಬಿ ನೀರಿಗೆ ನಾಲಿಗೆ ಚಾಚಿತ್ತು.

"ಇದೇನ?" ಎಂದಳು. ಈ ಸಲ ಕೋಲು ಎತ್ತಲಿಲ್ಲ. ಅದಕ್ಕೇ ನನಗೆ ಭಯವಾದದ್ದು.

ನಾನು ಓಡಿ ಹೋಗಿ ಫರಸಿಯ ಸಾಲನ್ನು ಪೂರ್ತಿ ನೋಡಿದೆ. ಒಂದು ಬೇರೂ ದಾಟಿರಲಿಲ್ಲ. ಹೇಳಿದೆ. ಆಯಿ ಕೇಳಲಿಲ್ಲ. "ನಾಳೆ ಕೀಳಾಕ ಹತ್ತ" ಎಂದು ಒಳಗೆ ಹೋದಳು. ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಶೋಭಾ ವೈನಿ ನೀರಿನ ಚರಿಗೆ ಕೊಡುವ ನೆಪದಲ್ಲಿ ಹತ್ತಿರ ಬಂದರು. "ಅದು ನಿಮ್ಮ ಹುಲ್ಲ ಅಲ್ರಿ. ಆಯಿ ಕೀಳಸಿ ಗ್ವಾಡಿ ಮ್ಯಾಲ ಒಗಸಿದ್ದ ಹುಲ್ಲಿನ ಗುಡ್ಡಿ ಇತ್ತಲ್ಲ, ಸುಡಾಕ ಹೇಳಿದ್ರು. ಹೊಗಿಗೆ ಮನಿ ಹೊಸಾ ಬಣ್ಣಾ ಕರ್ರಗ ಆಗತೈತಿ ಅಂತ ಇವರು ಡ್ರೈವರ್‌ಗ ಹೇಳಿ ಟ್ರಾಲಿಲೆ ಕಾಲಿವಿ ದಂಡಿಗೆ ಒಗಸ್ಯಾರ. ಮಳ್ಯಾಗ ಹತ್ತೈತಿ. ನಾ ಹೇಳೇನಿ ಅಂತ ಹೇಳಬ್ಯಾಡ್ರಿ, ನನಗ ಈ ಮನ್ಯಾಗ ಇರೂದೈತಿ."

ಮಲಗೌಡರನ್ನು ಜೀಪಿನ ಬಳಿ ಹಿಡಿದೆ. "ಗೌಡ್ರ, ಆ ಗುಡ್ಡಿ ಎಲ್ಲಿ ಹೋತ್ರಿ?" ಎಂದಷ್ಟೇ ಕೇಳಿದೆ. ಅವರ ಮುಖದ ಬಣ್ಣ ಇಳಿಯಿತು.

"ಬಾಯಾರ, ಆಯಿ ಮುಂದ ಹೇಳಬ್ಯಾಡ್ರಿ. ನನ್ನ ಮರ್ಯಾದಿ ಪ್ರಶ್ನೆ. ಈ ಹುಲ್ಲ ಹೋಗ್ಲಿ ಬಿಡ್ರಿ. ಕಾರಖಾನಿ ಗೆಸ್ಟ್ ಹೌಸ್ ಬಗೀಚಾ ಇಡೀ ನಿಮಗ ಕೊಡಸ್ತೇನಿ. ಅಲ್ಲಿ ಚೇರ್ಮನ್ರು ನಮ್ಮವರ."

ನೋಡಿ, ಎಂಥ ಆಫರ್! ಒಂದು ಗೆಸ್ಟ್ ಹೌಸ್ ಇದ್ದರೆ ಅಪ್ಪನ ಮುಂದೆ ತಲೆಯೆತ್ತಿ ನಿಲ್ಲಬಹುದಿತ್ತು. ಆದರೆ ಕರಿಕಿ ಹಚ್ಚಿದಾಕಿ, ಹೊಲ ಕೆಡಿಸಿದಾಕಿ ಎಂಬ ಮಾತು ಸುತ್ತಿನ ಎಲ್ಲ ಊರಲ್ಲಿ ಖರೆಯಾಗಿ ನಿಲ್ಲುತ್ತಿತ್ತು. ಇನ್ನು ಆಯಿಗೆ ಹೋಗಿ ಹೇಳಿದರೆ? ತಾಯಿ ಮಗನ ನಡುವೆ, ಅತ್ತೆ ಸೊಸೆಯ ನಡುವೆ ಬೆಂಕಿ ಹಚ್ಚಿದಾಕಿ ಎಂದಾಗುತ್ತಿತ್ತು. ನಮ್ಮ ಕೆಲಸವೇ ಹಾಗೆ, ಮಕ್ಕಳೇ. ತೋಟ ಮಾಡುವವಳಿಗೆ ಮನೆಯ ಹಿಂಬಾಗಿಲು ಕಾಣುತ್ತದೆ. ಯಾರು ಅತ್ತರು, ಯಾರು ಗೋಡೆಯ ಮರೆಯಲ್ಲಿ ಬೀಡಿ ಸೇದಿದರು, ಎಲ್ಲ ಕಾಣುತ್ತದೆ. ಅದನ್ನು ಮಾತಾಡತೊಡಗಿದರೆ ಯಾವ ಗೇಟೂ ತೆರೆಯುವುದಿಲ್ಲ.

"ನಾ ಹೇಳೂದಿಲ್ರಿ," ಎಂದೆ. "ನೀವ ಹೇಳ್ರಿ." ಅವರು ಜೀಪು ಸ್ಟಾರ್ಟ್ ಮಾಡಿದರು.

ಸಿಟ್ಟಿಗೆ ನನಗೆ ಕಣ್ಣು ಕಾಣುತ್ತಿರಲಿಲ್ಲ. ಕುರಪಿ ತೆಗೆದುಕೊಂಡು ಏರಿಗೆ ಹೋಗಿ ಕೂತೆ. ಅಂಗಳದ ಹುಲ್ಲನ್ನಲ್ಲ, ಏರಿಯ ಮೇಲಿನದನ್ನು ಕೀಳತೊಡಗಿದೆ. ಕರಿಕಿ ಕೀಳುವುದೆಂದರೆ ಎಳೆದರೆ ಬರುವಂಥದ್ದಲ್ಲ. ಗಂಟುಗಂಟಿಗೂ ಬೇರು, ಒಂದು ಗಂಟು ಉಳಿದರೂ ಮತ್ತೆ ಅಷ್ಟೇ. ಬೆರಳಿಂದ ಮಣ್ಣು ಬಿಡಿಸಿ ಬಿಡಿಸಿ ತೆಗೆಯಬೇಕು. ಸ್ವಲ್ಪ ಹೊತ್ತಿಗೆ ಆಯಿ ಬಂದಳು. ನನ್ನೆದುರು ಕೂತು ತಾನೂ ಕೀಳತೊಡಗಿದಳು, ಬಾಯಿಗೆ ಬಿಡುವಿಲ್ಲದೆ ಬೈಯುತ್ತ.

"ಫರಸಿ ಹೂಳತಾಳಂತ ಫರಸಿ! ದೊಡ್ಡ ಇಂಜಿನೇರ!"

ನಾನು ಕುರಪಿಯನ್ನು ಇನ್ನಷ್ಟು ಆಳಕ್ಕೆ ಇಳಿಸಿದೆ.

"ಬಾಯಿ ಬಿದ್ದೈತೇನ? ಮುಂಜಾನೆ ಬಾಳ ಮಾತಾಡ್ತಿದ್ದಿ."

ನಾನು ಒಂದು ಗಂಟು ಬಿಡಿಸಿ ಪಕ್ಕಕ್ಕಿಟ್ಟೆ. ಹೊಲಕ್ಕೆ ಹೋಗುವ ಹೆಂಗಸರು ನಿಂತು ನೋಡಿದರು. ಅಷ್ಟರಲ್ಲಿ ಜೀಪು ಮರಳಿ ಬಂತು. ದೂರದಲ್ಲೇ ನಿಂತಿತು. ಬಹಳ ಹೊತ್ತು ಯಾರೂ ಇಳಿಯಲಿಲ್ಲ. ಆಮೇಲೆ ಮಲಗೌಡರು ಇಳಿದರು. ಏರಿಯ ಕೆಳಗೆ ಚಪ್ಪಲಿ ಬಿಟ್ಟು, ಬೂದು ಸಫಾರಿಯಲ್ಲಿ, ಶಾಲೆಗೆ ತಡವಾಗಿ ಬಂದ ಹುಡುಗನ ಹಾಗೆ ತಾಯಿಯ ಮುಂದೆ ನಿಂತರು.

"ಆಯಿ. ಅದು... ಆ ಗುಡ್ಡಿ ಸುಟ್ಟಿದ್ದಿಲ್ಲ. ಇಲ್ಲಿ ಒಗಸಿದ್ದೆ. ನಾನ."

ಆಯಿ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಬೇರನ್ನು ಪೂರ್ತಿ ಬಿಡಿಸಿ, ಮಣ್ಣು ಕೊಡವಿ, ಗುಪ್ಪೆಗೆ ಹಾಕಿದಳು. ಆಮೇಲೆ ತನ್ನ ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿದಳು.

"ಕೂಡ."

"ಆಯಿ, ಮಂದಿ ನೋಡಾಕತ್ತಾರ."

"ನೋಡ್ಲಿ. ಕೂಡ ಅಂದೆ."

ಗೌಡರು ಕೂತರು. ಸಫಾರಿಯ ಮೊಣಕಾಲು ಕೆಸರಾಯಿತು. ಮೂವರೂ ಸಾಲಾಗಿ ಕರಿಕಿ ಕಿತ್ತೆವು. ಹೆಂಗಸರಲ್ಲಿ ಒಬ್ಬಳು, "ಗೌಡ್ರ, ಗಂಟ ಬಿಟ್ರಿ ನೋಡ್ರಿ ಅಲ್ಲೆ!" ಎಂದು ಕೂಗಿ ಓಡಿಹೋದಳು. ನನಗೆ ನಗು ತಡೆಯಲಾಗದೆ ಬಗ್ಗಿ ಕೂತೆ. ಆಯಿ ನನ್ನತ್ತ ನೋಡಿದಳು.

"ನಿನಗ ಗೊತ್ತಿತ್ತೇನ?"

"ಗೊತ್ತಿತ್ರಿ."

"ಮತ್ತ ಅಷ್ಟ ಬೈಸ್ಕೊಂಡ ಕುಂತಿ?"

"ನಿಮ್ಮ ಮನಿ ಮಾತು. ನೀವ್‌ನೀವ ಆಡಬೇಕ್ರಿ."

ಆಕೆ ಮುಂದಿನ ಗಂಟಿಗೆ ಕೈ ಹಾಕಿದಳು. ಸಾರಿ ಎನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ನಾನು ಕಾನ್ವೆಂಟಿನವಳು ಎಂದು ಕಾದದ್ದೇ ಬಂತು. ಮಧ್ಯಾಹ್ನ ಊಟಕ್ಕೆ ಎಂದಿನಂತೆ ಕಟ್ಟೆಯ ಮೇಲೆ ಕೂರಲು ಹೋದರೆ, "ಅಲ್ಯಾಕ? ಒಳಗ ಬಾ" ಎಂದಳು. ಅಡುಗೆಮನೆಯಲ್ಲಿ ಮಣೆ ಹಾಕಿತ್ತು. ತಟ್ಟೆಗೆ ರೊಟ್ಟಿ ಹಾಕುತ್ತ ಶೋಭಾ ವೈನಿ ನನ್ನ ಕಣ್ಣು ತಪ್ಪಿಸಿದರು. ನಾನೂ ತಪ್ಪಿಸಿದೆ.

ಪಾಡ್ಯದ ದಿನ ಬಾ ಎಂದು ಆಯಿ ಹೇಳಿಕಳಿಸಿದ್ದಳು. ಹೋದೆ. ಅಲಖನೂರಿನ ಮಗಳೂ ಅಳಿಯನೂ ಹಬ್ಬಕ್ಕೆ ಬಂದಿದ್ದರು. ಅಳಿಯ ಲಾನಿನ ಮೇಲೆ ಖುರ್ಚಿಯಲ್ಲಿ ಕೂತು ಬರಿಗಾಲನ್ನು ಹುಲ್ಲಿಗೆ ಉಜ್ಜುತ್ತಿದ್ದ. ಆಯಿ ಮಾತ್ರ ಎಂದಿನ ಹಾಗೆ ಫರಸಿಯ ಈಚೆಗೇ ನಿಂತಿದ್ದಳು. ಆಕೆ ಒಮ್ಮೆಯೂ ಆ ಹುಲ್ಲಿನ ಮೇಲೆ ಕಾಲಿಡಲಿಲ್ಲ.

"ಇವರ ಅಂಗಳಾನೂ ದೊಡ್ಡದೈತಿ," ಎಂದು ನನಗೆ ಹೇಳಿದಳು. ಅಳಿಯನಿಗೆ ಹೇಳಿದಳು: "ಸೋಮವಾರ ಬರ್ತಾಳ ಈಕಿ."

ನಾನು ಬಾಯಿ ತೆರೆದೆ. ಈ ಕೆಲಸ ಬಿದ್ದಿದ್ದರೆ ಅದೇ ಸೋಮವಾರ ನಾನು ಬೆಳಗಾವಿಯ ಶಾಲೆಯಲ್ಲಿರಬೇಕಿತ್ತೆಂದು ಆಕೆಗೆ ಗೊತ್ತಿರಲಿಲ್ಲ. ಬರುತ್ತೀಯಾ ಎಂದು ಕೇಳಲಿಲ್ಲ, ನಿನಗೆ ಪುರುಸೊತ್ತು ಇದೆಯಾ ಎಂದು ಕೇಳಲಿಲ್ಲ. ಮನೆಯ ಎತ್ತನ್ನು ಬೀಗರಿಗೆ ಕಳಿಸಿಕೊಡುವ ಹಾಗೆ ಕಳಿಸಿಕೊಟ್ಟಳು. ದಿ ನರ್ವ್ ಆಫ್ ದಟ್ ವುಮನ್!

"ಆಯಿ, ನನ್ನ ಒಂದ್ ಮಾತ ಕೇಳಬೇಕಿಲ್ರಿ?"

"ಕೇಳೂದೇನ? ರಾಯಬಾಗದ ಬಸ್ಸ ಏಳಕ್ಕ ಐತಿ."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, "ಶಾಳಿಯವರಿಗೆ ನೀನ ತಿಳಸ. ನಂದೇನ ಐತಿ ಅದರಾಗ" ಎಂದ. ಮಾತು ಕೊಟ್ಟಂತೆ ಸುಮ್ಮನಾದ, ಆದರೆ ಬಾಗಿಲು ಜೋರಾಗಿ ಹಾಕಿಕೊಂಡ.

ಸೋಮವಾರ ಬೆಳಿಗ್ಗೆ ಅಲಖನೂರಿನಲ್ಲಿ ಇಳಿದೆ. ಅಂಗಳದಲ್ಲಿ ಹುಲ್ಲು ಬೇಕೋ ಹೂ ಬೇಕೋ, ಎಲ್ಲಿ ಏನು, ಒಂದೂ ಮಾತಾಗಿರಲಿಲ್ಲ. ಯಾರೂ ನನ್ನ ಹೆಸರು ಕೇಳಲಿಲ್ಲ. ಆಳು ಗೇಟು ತೆರೆದ. ಒಳಗೆ, ಗೋಡೆಗುಂಟ, ಬಂಡಿಯಿಂದ ಆಗಷ್ಟೇ ಇಳಿಸಿದ ಫರಸಿ ಕಲ್ಲುಗಳು ಒರಗಿ ನಿಂತಿದ್ದವು.